ಮೂರು ಗಂಟೆಯ ಬಂದ್

ಮಾವನ ಫೋನಿನಲ್ಲಿ ‘ಸೇವೆ ನಿಂತಿದೆ’ ಎಂಬ ಕೆಂಪು ಪಟ್ಟಿ ಆರನೆಯ ಸಂಜೆಯೂ ಕಾಣಿಸಿಕೊಂಡಾಗ ಪ್ರಶಾಂತನಿಗೆ ಮೊದಲು ಆದದ್ದು ಸಂತೋಷ. ಬಿಕ್ಕಳಿಕೆಯಷ್ಟು ಸಣ್ಣದು, ಬಂದಷ್ಟೇ ಬೇಗ ಹೋಯಿತು. ಆದರೆ ಸಂತೋಷವೇ ಹೌದು. ಆಮೇಲೆ, ಸ್ಲೋ ಲೋಕಲ್ ರೈಲಿನ ಹಾಗೆ ಸ್ವಲ್ಪ ತಡವಾಗಿ, ನಾಚಿಕೆ ಬಂತು. ಯಾಕೆಂದರೆ ಈ ಪಟ್ಟಿಯನ್ನು ಅಳಿಸುವುದೇ ಅವನ ಉದ್ಯೋಗ. ಮುಂಬಯಿಯ ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನ ನಾಲ್ಕನೆಯ ಮಹಡಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಅವನು ಮಾಡುತ್ತಿದ್ದದ್ದು ಇಷ್ಟೆ: ಊರೂರ ಗಿರಾಕಿಗಳ ಫೋನಿನೊಳಗೆ, ಪರದೆಯ ಹಿಂದೆ, ಯಾರ ಕಣ್ಣಿಗೂ ಬೀಳದೆ ಓಡಬೇಕಾದ ಸಣ್ಣ ಸಣ್ಣ ಕೆಲಸಗಳು ಎದ್ದೇಳದೆ ಬಿದ್ದುಕೊಂಡಿದ್ದರೆ ಅವನ್ನು ದೂರದಿಂದ ಎಬ್ಬಿಸುವುದು. ಕೈಗೆ ಕಟ್ಟಿದ ಪಟ್ಟಿ ನಾಡಿ ನೋಡುತ್ತದೆ, ಫೋನಿಗೆ ಹೇಳುತ್ತದೆ, ಫೋನಿನೊಳಗೆ ಹಿಂದೆ ಕೂತವನು ಅದನ್ನು ಕೇಳಿಸಿಕೊಂಡು ಮನೆಯವರ ಫೋನಿಗೆ ಮುಟ್ಟಿಸುತ್ತಾನೆ. ಆ ಹಿಂದೆ ಕೂತವನು ಏಳದಿದ್ದರೆ ಪಟ್ಟಿ ಬರೀ ಬಳೆ. ಲಡಾಖಿನಲ್ಲಿ ಕುದುರೆಯ ಮೇಲೆ ಕೂತಿದ್ದ ಒಬ್ಬ ಸುಬೇದಾರನ ಫೋನನ್ನು, ಕುದುರೆ ನಿಲ್ಲಿಸಲೂ ಬಿಡದೆ, ಪ್ರಶಾಂತ ಏಳೇ ನಿಮಿಷದಲ್ಲಿ ಸರಿ ಮಾಡಿದ ಕಥೆಯನ್ನು ಆಫೀಸಿನಲ್ಲಿ ಎಲ್ಲರೂ ಬಲ್ಲರು. ಹೇಳಿದವನು ಅವನೇ. ಅಂಥವನಿಗೆ, ಭಾಂಡುಪಿನ ಮನೆಯ ಹಾಲ್‌ನಲ್ಲಿ, ಕೈಯಳತೆಯ ದೂರದಲ್ಲಿ ಕಾಲು ಚಾಚಿ ಕೂತ ಹೆಂಡತಿಯ ಅಪ್ಪನ ಫೋನು ಆರು ದಿನದಿಂದ ದಕ್ಕುತ್ತಿಲ್ಲ.

“ಎದ್ದಿತಾ?” ಎಂದು ಕೇಳಿದರು ಪೂವಪ್ಪ. ಕಣ್ಣು ಟಿವಿಯ ಮೇಲೆಯೇ ಇತ್ತು.

“ಬೆಳಿಗ್ಗೆ ಎದ್ದಿತ್ತು ಮಾವ. ಈಗ ಪುನಃ ಮಲಗಿದೆ.”

“ನಿನ್ನ ಹಾಗೆ.”

ಪ್ರಶಾಂತ ನಕ್ಕ. ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ ಆ ನಗು ತಾನಾಗಿ ಬರುತ್ತದೆ, ಅದನ್ನು ಯಾರೂ ಎಬ್ಬಿಸಬೇಕಾಗಿಲ್ಲ. “ನೀವು ಏನಾದರೂ ಒತ್ತಿದಿರಾ ಮಾವ?” ಎಂದು ಕೇಳಿದ. ಇದು ಗಿರಾಕಿಗಳಿಗೆ ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಹನ್ನೊಂದನೆಯದು.

“ನಾನು ಎಂತ ಒತ್ತುವುದು ಮಾರಾಯ. ನನಗೆ ಬೇರೆ ಕೆಲಸ ಇಲ್ಲವಾ? ನಿನ್ನ ಕಂಪನಿಯ ಸಾಮಾನು, ನಿನಗೇ ಗೊತ್ತಿಲ್ಲ ಅಂದ್ರೆ ಹೇಳು, ಸ್ಟೇಷನ್ ಹತ್ರ ಕವರ್ ಮಾರುವವನ ಹತ್ರ ಕೊಂಡೋಗ್ತೇನೆ.”

ಅವನು ಬ್ಯಾಟರಿಯ ಕಟ್ಟುಪಾಡು ತೆಗೆದ, ತಾನಾಗಿ ಏಳುವ ಅನುಮತಿ ಕೊಟ್ಟ, ನೋಟಿಫಿಕೇಶನ್ನಿಗೆ ಹೂಂ ಅಂದ, ಫೋನನ್ನು ಆರಿಸಿ ಹೊತ್ತಿಸಿದ. ಇದೆಲ್ಲವನ್ನೂ ನಿನ್ನೆಯೂ ಮಾಡಿದ್ದ, ಮೊನ್ನೆಯೂ ಮಾಡಿದ್ದ. ಆ್ಯಪನ್ನು ಬೆರಳಿನಿಂದ ತೆರೆದರೆ ಹಸಿರಾಗುತ್ತದೆ, ಇಡೀ ಬೆಳಿಗ್ಗೆ ಓಡುತ್ತದೆ, ಹೆಂಡತಿ ವಿಜೇತಾಳ ಫೋನಿಗೆ ಅಪ್ಪನ ನಾಡಿ ಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ ನಿಲ್ಲುತ್ತದೆ. ನಾಲ್ಕು ಗಂಟೆಗೆ ಮಾವ ಕುರ್ಲಾಕ್ಕೆ ಹೊರಡುತ್ತಾರೆ. ಬೇಕಾದಾಗ ಇಲ್ಲದೆ, ಬೇಡದಾಗ ಓಡುವ ಇಂಥ ಸೇವೆಯನ್ನು ಅವನು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

ಕುರ್ಲಾದ ವಿಷಯ ಹೀಗೆ. ಸ್ಟೇಷನ್ನಿನ ಪಶ್ಚಿಮಕ್ಕೆ ನಲವತ್ತು ವರ್ಷ ಹೋಟೆಲು ನಡೆಸಿದ ಪೂವಪ್ಪ ಅದನ್ನು ದೂಜ ಎಂಬವರಿಗೆ ಬಿಟ್ಟುಕೊಟ್ಟು ನಾಲ್ಕು ವರ್ಷವಾಯಿತು. ಅಂದಿನಿಂದ ಪ್ರತಿ ಸಂಜೆ ಲೋಕಲ್ ಹಿಡಿದು ಹೋಗುತ್ತಾರೆ, ಬಾಗಿಲ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಾರೆ, ಒಂದು ಚಾ ಕುಡಿಯುತ್ತಾರೆ, ಅದು ಚೆನ್ನಾಗಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ವಾಪಸು ಬರುತ್ತಾರೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಚಾ ಚೆನ್ನಾಗಿರಲಿಲ್ಲ. ಮುದುಕರು ಬೈಯುವುದನ್ನು ಕೇಳಲಿಕ್ಕೇ ಘಾಟ್ಕೋಪರಿನಿಂದ ಜನ ಬಂದು ಕೂರುತ್ತಾರೆ, ಬೈದ ದಿನ ವಡೆ ಎರಡು ತಟ್ಟೆ ಹೆಚ್ಚು ಕರಿಯಬೇಕಾಗುತ್ತದೆ, ಆದ್ದರಿಂದ ದೂಜ ಅವರ ಚಾಕ್ಕೆ ಬೇಕೆಂದೇ ಬೇರೆ ಹಾಲು ಇಟ್ಟಿದ್ದಾರೆ ಎಂದು ಭಾಂಡುಪಿನಲ್ಲಿ ಹೇಳುತ್ತಾರೆ. ಮೂರು ವಾರದ ಹಿಂದೆ, ಹಿಂತಿರುಗುವಾಗ, ಕುರ್ಲಾದ ಮೇಲ್ಸೇತುವೆಯ ಮೆಟ್ಟಿಲಲ್ಲಿ ಪೂವಪ್ಪ ಕುಸಿದು ಕೂತರು. ಯಾರೋ ಕಬ್ಬಿನ ಹಾಲು ಕುಡಿಸಿದರು, ಯಾರೋ ರಿಕ್ಷಾ ಹತ್ತಿಸಿದರು. ಮನೆಗೆ ಬಂದು, ಒಬ್ಬ ಪೈಲ್ವಾನ ದೂಡಿದ ಎಂದರು. ಊಟದ ಹೊತ್ತಿಗೆ ಪೈಲ್ವಾನರು ಮೂವರಾಗಿದ್ದರು. ನಾಡಿ ನಡುನಡುವೆ ನಿಧಾನವಾಗುತ್ತದೆ ಎಂದರು ಡಾಕ್ಟರು. ಹೋದ ವಾರ ವಿಜೇತಾ ಕೈಪಟ್ಟಿ ತಂದಳು, ತಂದೆಗೆ ಕಟ್ಟಿದಳು, ಗಂಡನ ಕಡೆ ನೋಡಿದಳು. “ನಿಮ್ಮ ಕಂಪನಿಯದ್ದೇ ತಂದದ್ದು” ಅಂದಳು. ಮದುವೆಯಾದಂದಿನಿಂದ ಗಂಡನ ಮೇಲೆ ಅವಳು ಇಟ್ಟ ಮೊದಲ ನಂಬಿಕೆ ಅದು ಎಂದು ಪ್ರಶಾಂತನಿಗೆ ಆಗ ಅನಿಸಿತ್ತು.

ಈಗ ಅವಳು ಮುಲುಂಡಿನ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು: “ಇವತ್ತು ಎಂತ?”

“ನೋಡ್ತಾ ಇದ್ದೇನೆ.”

“ಆರು ದಿನದಿಂದ ನೋಡ್ತಾ ಇದ್ದೀರಿ. ದಿನಾ ಮೂರು ಗಂಟೆ ಐದು ನಿಮಿಷಕ್ಕೆ ನನ್ನ ಅಪ್ಪ ನನ್ನ ಫೋನಿನಲ್ಲಿ ಸಾಯ್ತಾರೆ. ನಾನು ಜನರ ರಕ್ತ ತೆಗೀತಾ ಇರ್ತೇನೆ, ಸೂಜಿ ತಪ್ತದೆ. ಇನ್ನು ಗುರುವಾರದವರೆಗೆ. ಗುರುವಾರ ಸಂಜೆ ಅದು ಓಡ್ತಾ ಇದ್ರೆ ಸರಿ. ಇಲ್ಲದಿದ್ರೆ ಅಪ್ಪ ಒಬ್ಬರೇ ಹೊರಗೆ ಹೋಗುವುದು ಬಂದ್. ಹೊರಗಿನಿಂದ ಚಿಲಕ ಹಾಕಿ ಹೋಗ್ತೇನೆ. ಸುಮ್ಮನೆ ಹೇಳುವುದಲ್ಲ.”

ಟಿವಿಯ ಶಬ್ದ ಕಡಿಮೆಯಾಯಿತು. “ಯಾರಿಗೆ ಚಿಲಕ?” ಎಂದರು ಪೂವಪ್ಪ.

“ನಿಮಗೆ ಅಪ್ಪ.”

“ಹಾಗಾದ್ರೆ ನನ್ನ ಚಾ ಇವನ ಕೈಯಲ್ಲಿ ಉಂಟು ಅಂತಾಯ್ತು,” ಎಂದು ಪೂವಪ್ಪ ಅಳಿಯನನ್ನು ಬಹಳ ದಿನದ ಮೇಲೆ ಮುಖಕ್ಕೆ ಮುಖ ಕೊಟ್ಟು ನೋಡಿದರು. “ಕುಡಿದ ಹಾಗೆಯೇ.”

ಹಾಲು ಉಕ್ಕಿದ ವಾಸನೆ ಎಲ್ಲಿಂದಲೋ ಬಂದಂತಾಗಿ ಪ್ರಶಾಂತ ಅಡಿಗೆಮನೆಯ ಕಡೆ ತಿರುಗಿದ. ಅಲ್ಲಿ ಏನೂ ಇರಲಿಲ್ಲ. ಆ ವಾಸನೆ ಇಪ್ಪತ್ತೆರಡು ವರ್ಷ ಹಳೆಯದು. ಮದುವೆಯಾದ ಹೊಸತರಲ್ಲಿ, ಕುಂದಾಪುರದ ಕಡೆಯಿಂದ ಬಂದ ಕನ್ನಡದ ಹುಡುಗ, ತುಳು ಬಾರದವನು, ಕೆಲಸವಿಲ್ಲದೆ ಎಂಟು ತಿಂಗಳು ಮಾವನ ಹೋಟೆಲಿನಲ್ಲಿ ನಿಂತಿದ್ದ. ಮನೆಯ ಮಾತು ಕನ್ನಡವಾದದ್ದು ಅವನಿಂದ. ಅದೂ ಮಾವನ ದೂರುಗಳಲ್ಲಿ ಒಂದು. ಹೋಟೆಲಿನಲ್ಲಿ ಒಂದು ಕ್ರಮವಿತ್ತು. ಊಟದ ಹೊತ್ತು ಮುಗಿದು ಮಧ್ಯಾಹ್ನ ಮೂರಕ್ಕೆ ಅಡಿಗೆಮನೆ ಬಂದ್. ಆಗ ಪೂವಪ್ಪ ಲುಂಗಿ ಎತ್ತಿ ಕಟ್ಟಿ ತಾನೇ ಒಳಗೆ ಹೋಗಿ, ಒಂದೊಂದು ಒಲೆಯ ಕಿವಿಯನ್ನೂ ತಿರುಗಿಸಿ, ತಿರುಗಿದೆಯೋ ಇಲ್ಲವೋ ಎಂದು ಬೆರಳಲ್ಲಿ ಮುಟ್ಟಿ, ಒಲೆಯ ಹೆಸರು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಒಂದು ದಿನ ಅವರಿಗೆ ಮದುವೆಯೊಂದಿತ್ತು. ಅಳಿಯನಿಗೆ ವಹಿಸಿ ಹೋದರು. ಅಳಿಯ ಹಾಲಿನ ಒಲೆಯನ್ನು ಮರೆತ. ಪಾತ್ರೆಯ ತಳ ಕಪ್ಪಾಯಿತು. ನಡೆದದ್ದು ಇಷ್ಟೇ. ಆದರೆ ಮುಂದಿನ ಮದುವೆಯಲ್ಲಿ ಪಾತ್ರೆಗೆ ತೂತು ಬಿದ್ದಿತ್ತು. ಅದರ ಮುಂದಿನ ಸೀಮಂತದಲ್ಲಿ ಕಿಟಕಿಯ ಪರದೆಗೆ ಬೆಂಕಿ ಹಿಡಿದಿತ್ತು. ಥಾಣೆಯ ಗೃಹಪ್ರವೇಶದಲ್ಲಿ ಅಗ್ನಿಶಾಮಕದವರು ಬಂದರು, ಇಬ್ಬರು ಗಿರಾಕಿಗಳು ದೋಸೆಯ ತಟ್ಟೆ ಹಿಡಿದೇ ಕಿಟಕಿಯಿಂದ ಹಾರಿದರು. ಕಳೆದ ಗಣಪತಿಯ ಹೊತ್ತಿಗೆ ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಕುರ್ಲಾದಲ್ಲಿ ಲೋಕಲ್ಲುಗಳನ್ನು ಮುಕ್ಕಾಲು ಗಂಟೆ ತಡೆದಿದ್ದರು, ರೈಲು ಓಡಿಸುವ ಮೋಟರ್‌ಮ್ಯಾನ್ ಇಳಿದು ಬಂದು ಯಾರ ಅಳಿಯ ಎಂದು ಕೇಳಿದ್ದ. ಪ್ರತಿ ಸಲವೂ ಪ್ರಶಾಂತ ಬಾಳೆಲೆಯ ಮುಂದೆ ಕೂತು, ನಗಬೇಕಾದ ಕಡೆಯಲ್ಲಿ ನಕ್ಕಿದ್ದಾನೆ. ಒಮ್ಮೊಮ್ಮೆ ಅವನಿಗೇ ಆ ಹೊಗೆ ನೆನಪಾಗುತ್ತದೆ.

ಬುಧವಾರ ಬೆಳಿಗ್ಗೆ ಅವನು ಕೆಳಗೆ ಹಾಲಿಗೆ ಹೋದಾಗ, ಬಿಲ್ಡಿಂಗಿನ ವಾಚ್‌ಮನ್ ಅಣವೀರಪ್ಪ ಕುರ್ಚಿಯಿಂದ ಅರ್ಧ ಎದ್ದ. ಪೂರ್ತಿ ಏಳುತ್ತಿದ್ದದ್ದು ಹೋದ ತಿಂಗಳವರೆಗೆ.

“ಏನ್ರೀ ಸಾಹೇಬ್ರ, ಈಗ ಮನ್ಯಾಗ ಇರ್ತೀರಲ್ಲ. ಡ್ಯೂಟಿ ಬಿಟ್ಟೀರೇನು?”

“ಇಲ್ಲ. ಮನೆಯಿಂದಲೇ ಕೆಲಸ. ಕಂಪನಿಯವರೇ ಕೊಟ್ಟದ್ದು.”

“ಹಾಂ ಹಾಂ. ನಮ್ಮ ತಮ್ಮಗೂ ಹಂಗ ಅಂದಿದ್ರು ನೋಡ್ರಿ. ಮನ್ಯಾಗ ಇರು, ಫೋನ್ ಮಾಡ್ತೀವಿ ಅಂತ. ಎರಡು ದೀಪಾವಳಿ ಆತು, ಫೋನ್ ಬಂದಿಲ್ಲ.”

ಮೇಲೆ ಬಂದು ಹಾಲು ಇಡುವಷ್ಟರಲ್ಲಿ ಫೋನು ಬಂತು. ತಿಲಕ್, ಅವನ ಮೇಲಧಿಕಾರಿ, ಇಪ್ಪತ್ತೊಂಬತ್ತು ವರ್ಷದವನು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಕನ್ನಡ ಅವನಿಗೆ ಅಜ್ಜಿಯ ಮನೆಯಲ್ಲಿ ಕಳೆದ ರಜೆಯಷ್ಟೇ ಗೊತ್ತು. ಪ್ರಶಾಂತನನ್ನು ಮನೆಗೆ ಕಳಿಸಿದವನೂ ಅವನೇ. “ಅಂಕಲ್, ಟ್ರಾವೆಲ್ ಕ್ಯೂ ಕರ್ನಾ, ಏಜ್ ಹೋ ಗಯಾ” ಎಂದಿದ್ದ. ವಯಸ್ಸಾಯಿತು, ಓಡಾಟ ಯಾಕೆ ಎಂದು, ಬಹಳ ಮೃದುವಾಗಿ. ಪ್ರಶಾಂತ ಅದನ್ನು ಮನೆಯಲ್ಲಿ ಬಡ್ತಿಯೆಂದು ಹೇಳಿದ್ದ.

“ಪ್ರಶಾಂತ್ ಅಂಕಲ್, ಆ ನಿಮ್ಮ ಘರ್‌ವಾಲಾ ಕಂಪ್ಲೇಂಟ್ ಟಿಕೆಟ್ ಇನ್ನೂ ರೆಡ್ ಇದೆ. ಮೀಟಿಂಗಲ್ಲಿ ಸ್ಕ್ರೀನ್ ಮೇಲೆ ಬರುತ್ತೆ. ಸಬ್ ಹಸ್ತೇ ಹೈಂ, ಎಲ್ಲ ನಗ್ತಾರೆ. ನಿಮ್ಮ ಸಸುರ್‌ಜೀ ಅಂತ ಗೊತ್ತಲ್ವಾ ಎಲ್ಲರಿಗೆ.”

“ಫೋನಿನ ತೊಂದರೆ ತಿಲಕ್. ಎಲ್ಲ ನೋಡಿದೆ.”

“ನಾ ನಾ. ನಾನು ಲಾಗ್ ತೆಗೆದೆ, ಫೋನಿನ ರೆಕಾರ್ಡ್. ಡೈಲಿ ಮೂರು ಗಂಟೆ ಎರಡು ಮಿನಿಟು. ಯಾರೋ ಕೈಯಿಂದ ಬಂದ್ ಮಾಡ್ತಾರೆ. ಸೆಟ್ಟಿಂಗಲ್ಲಿ ಹೋಗಿ, ಪ್ರೆಸ್ ಮಾಡಿ, ಪಕ್ಕಾ ಬಂದ್. ಕೈಯಿಂದ ಬಂದ್ ಕಿಯಾ ತೋ ಫಿರ್ ಕೌನ್ ಉಠಾಯೇಗಾ? ನಿಮಗೆ ಗೊತ್ತಿರಬೇಕಲ್ವಾ ಅಂಕಲ್. ನಾಳೆ ಕ್ಲೋಸ್ ಮಾಡಿ, ಹಾಂ?”

ಗೊತ್ತಿತ್ತು. ಯಜಮಾನ ತನ್ನ ಕೈಯಾರೆ ಬಲವಂತದಿಂದ ನಿಲ್ಲಿಸಿದ್ದನ್ನು ಫೋನು ತಾನಾಗಿ ಮತ್ತೆ ಎಬ್ಬಿಸುವುದಿಲ್ಲ. ಆರಿಸಿ ಹೊತ್ತಿಸಿದರೂ ಇಲ್ಲ, ಯಾವ ಅನುಮತಿ ಕೊಟ್ಟರೂ ಇಲ್ಲ. ಯಜಮಾನ ಮತ್ತೆ ಬೆರಳಿಟ್ಟು ತೆರೆಯುವವರೆಗೆ ಅದು ಸತ್ತ ಹಾಗೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಅವನೇ ಕಲಿಸುವ ಪಾಠ. ಹಾಗಾದರೆ ಅವನಿಗೆ ಆರು ದಿನ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು. ಒತ್ತಿದಿರಾ ಎಂದು ಕೇಳಿದಾಗ ಇಲ್ಲ ಎಂದರು, ಮತ್ತೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಬೇರೆಯವರ ಮಾವಂದಿರಿಗೆ ಅವನು ಆ ಪ್ರಶ್ನೆಯನ್ನು ಐದು ಸಲ ಕೇಳುತ್ತಾನೆ. ಆದರೆ ಈಗ ಬೇರೆಯೇ ಒಂದು ಬಿಸಿ ಎದೆಯಲ್ಲಿ ಏರತೊಡಗಿತು. ಮುದುಕರು ಬೇಕೆಂದೇ ಮಾಡುತ್ತಿದ್ದಾರೆ. ಮಗಳ ಕಣ್ಣಿನಲ್ಲಿ ಅಳಿಯನನ್ನು ಇನ್ನೊಮ್ಮೆ ಕೆಲಸಕ್ಕೆ ಬಾರದವನನ್ನಾಗಿ ಮಾಡಲಿಕ್ಕೆ, ದಿನಾ ಮೂರು ಗಂಟೆಗೆ ಸರಿಯಾಗಿ, ನಾಡಿಯನ್ನೂ ಲೆಕ್ಕಿಸದೆ ಆರಿಸುತ್ತಿದ್ದಾರೆ. ಅವರನ್ನು ಕೈಯಲ್ಲಿ ಫೋನಿರುವಾಗಲೇ ಹಿಡಿಯಬೇಕು. ವಿಜೇತಾಳಿಗೆ ಹೇಗೆ ಹೇಳಬೇಕೆಂಬ ವಾಕ್ಯವನ್ನು ಅವನು ಆಗಲೇ ಕಟ್ಟತೊಡಗಿದ. ಮೊದಲನೆಯ ವಾಕ್ಯದಲ್ಲಿ ಶಾಂತವಾಗಿರುವುದು. ಎರಡನೆಯದರಲ್ಲಿ ಬೇಸರ. ಮೂರನೆಯ ವಾಕ್ಯದ ಹೊತ್ತಿಗೆ ಅವಳು ಅಪ್ಪನ ಕಡೆ ತಿರುಗಿರುತ್ತಾಳೆ. ಹಾಲು ಉಕ್ಕುವ ಮೊದಲು ಒಲೆ ಆರಿಸಿದ.

ಗುರುವಾರ ಎರಡೂ ಮುಕ್ಕಾಲಿಗೆ ಅವನು, ಕೆಳಗೆ ಹೋಗಿ ಬರುತ್ತೇನೆ ಎಂದು ಜೋರಾಗಿ ಹೇಳಿ, ಬಾಗಿಲು ತೆರೆದು, ಹೊರಗೆ ಕಾಲಿಡದೆ ಮುಚ್ಚಿ, ಟಿವಿಯ ಮೇಲೇ ಕಣ್ಣಿಟ್ಟ ಮಾವನ ಹಿಂದಿನಿಂದ ನುಸುಳಿ, ಒಳಗಿನ ಕೋಣೆಯ ಬಾಗಿಲ ಹಿಂದೆ ನಿಂತ. ನಲವತ್ತೊಂಬತ್ತು ವರ್ಷದ ಗಂಡಸು ತನ್ನದೇ ಮನೆಯಲ್ಲಿ ಇಸ್ತ್ರಿಯಾಗದ ಬಟ್ಟೆಗಳ ನಡುವೆ ಬೆನ್ನು ಬಾಗಿಸಿ ನಿಂತು, ಬಾಗಿಲ ಸಂದಿಗೆ ಕಣ್ಣಿಟ್ಟಿದ್ದ. ವಿಜೇತಾಳ ಒಂದು ಸೀರೆ ಮುಖಕ್ಕೆ ತಾಗುತ್ತಿತ್ತು. ಸೀನು ಬಂದರೆ ಏನೆಂದು ಹೇಳಬೇಕು ಎಂದು ಯೋಚಿಸಿದ. ಅದಕ್ಕೆ ಉತ್ತರ ಸಿಗುವ ಮೊದಲೇ ಮೂರಾಯಿತು.

ಪೂವಪ್ಪ ಟಿವಿ ಆರಿಸಿದರು. ಲುಂಗಿ ಎತ್ತಿ ಕಟ್ಟಿದರು. ಅಡಿಗೆಮನೆಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದರು, ಎರಡೂ ಒಲೆಯ ಕಿವಿಯನ್ನು ಮುಟ್ಟಿ ನೋಡಿದರು. ನಲ್ಲಿ ನೋಡಿದರು. ಕಿಟಕಿಯ ಚಿಲಕ ನೋಡಿದರು. ಅಷ್ಟಕ್ಕೆ ಅವರ ಮುಖದಲ್ಲಿ ತೃಪ್ತಿ ಕಾಣಲಿಲ್ಲ. ಎರಡೇ ಒಲೆಯ ಮನೆಯಲ್ಲಿ ಅವರ ಕೈಗೆ ಕೆಲಸ ಸಾಲದೆ ಬೆರಳುಗಳು ಇನ್ನೂ ಏನನ್ನೋ ಹುಡುಕುತ್ತಿದ್ದವು. ಆಮೇಲೆ ಕುರ್ಚಿಗೆ ಬಂದು, ಕನ್ನಡಕ ಹಾಕಿ, ಫೋನು ತೆಗೆದರು. ಸೆಟ್ಟಿಂಗಿಗೆ ಹೋದರು. ಆ್ಯಪುಗಳ ಪಟ್ಟಿ ತೆರೆದರು. ಮೇಲಿನಿಂದ ಒಂದೊಂದನ್ನೇ ಮುಟ್ಟಿ, ನಿಲ್ಲಿಸು ಎಂಬುದನ್ನು ಒತ್ತಿ, ನಿಜವಾಗಿಯೂ ನಿಲ್ಲಿಸಬೇಕೇ ಎಂದು ಅದು ಕೇಳಿದರೆ ಹೂಂ ಎಂದು ಇನ್ನೊಮ್ಮೆ ಒತ್ತಿ, ಅಕ್ಷರ ಬಣ್ಣಗೆಟ್ಟಿತೋ ಎಂದು ಬೆರಳಿನಿಂದ ಮುಟ್ಟಿ ನೋಡಿ, ಸಣ್ಣ ದನಿಯಲ್ಲಿ ಹೇಳುತ್ತ ಹೋದರು: “ಇಡ್ಲಿ. ಸಾಂಬಾರು. ಅನ್ನ. ಎಣ್ಣೆ. ದೋಸೆ ಕಲ್ಲು ಒಂದು. ದೋಸೆ ಕಲ್ಲು ಎರಡು. ಚಾ.” ಕೈಪಟ್ಟಿಯ ಆ್ಯಪು ಪಟ್ಟಿಯ ಕೊನೆಯಲ್ಲಿತ್ತು. ಅದನ್ನು ಒತ್ತಿ, ಮುಟ್ಟಿ, “ಹಾಲು” ಎಂದರು. ಫೋನನ್ನು ಕೆನ್ನೆಗೆ ಹಿಡಿದು ತಣ್ಣಗಿದೆಯೇ ಎಂದು ನೋಡಿದರು.

ಬಾಗಿಲ ಹಿಂದೆ ಪ್ರಶಾಂತನ ಮೂರೂ ವಾಕ್ಯಗಳು ಒಂದೊಂದಾಗಿ ಬಿದ್ದುಹೋದವು. ಯಾಕೆಂದರೆ ಅದನ್ನು ಕಲಿಸಿದವನು ಅವನೇ. ಎರಡು ವರ್ಷದ ಹಿಂದೆ, ಒಂದು ಭಾನುವಾರ, ಫೋನು ಬಿಸಿಯಾಗುತ್ತದೆ, ಇದು ನಿನ್ನ ಹಾಗೆಯೇ ಸಿಡಿಯುತ್ತದಾ ಎಂದು ಮಾವ ಮೂರನೆಯ ಸಲ ಕೇಳಿದಾಗ, ಕ್ರಿಕೆಟ್ಟು ನೋಡುತ್ತಿದ್ದವನು ಎದ್ದು ಬಂದು, ಅವರ ತೋರುಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಒತ್ತಿ ತೋರಿಸಿದ್ದ. “ಹೀಗೆ. ಹೀಗೆ. ದಿನಾ ಒಂದೊಂದೇ ಬಂದ್ ಮಾಡಿಬಿಡಿ ಮಾವ. ಬಿಸಿಯಾಗುವುದಿಲ್ಲ.” ಪೀಡೆ ತೊಲಗಲಿ ಎಂದು ಹೇಳಿದ ಮಾತು. ಗಿರಾಕಿಗಳಿಗೆ ಯಾರಾದರೂ ಇಂಥ ಸಲಹೆ ಕೊಟ್ಟರೆ ಅವನು ಕೆಲಸದಿಂದ ತೆಗೆಸುತ್ತಿದ್ದ. ಬೆರಳು ಬಿಟ್ಟ ಕೂಡಲೇ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡದ್ದೂ ನೆನಪಿದೆ. ಮುದುಕರು ಅದನ್ನು ಎರಡು ವರ್ಷ, ಒಂದು ದಿನವೂ ತಪ್ಪದೆ, ಮೂರು ಗಂಟೆಗೆ ಪಾಲಿಸಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅಳಿಯನ ಬಾಯಿಂದ ಅವರು ಕಲಿತ ಒಂದೇ ಒಂದು ವಿಷಯ ಅದು. ಒತ್ತಿಲ್ಲ ಎಂದದ್ದೂ ಸುಳ್ಳಲ್ಲ. ಒತ್ತುವುದೆಂದರೆ ಅವರ ಲೆಕ್ಕದಲ್ಲಿ ಹೊತ್ತಿಸುವುದು, ಆರಿಸಿದ್ದನ್ನು ಯಾರೂ ಒತ್ತಿದೆ ಎನ್ನುವುದಿಲ್ಲ.

ಪರಿಹಾರ ಅರ್ಧ ನಿಮಿಷದ್ದು. ಮಾವ, ಆ ಕೊನೆಯದೊಂದನ್ನು ಆರಿಸಬೇಡಿ, ಎಂದರೆ ಮುಗಿಯಿತು. ಅವನು ಅದನ್ನು ಬಾಯೊಳಗೆ ಹೇಳಿ ನೋಡಿದ. ಹಾಲಿನ ಒಲೆಯನ್ನು ಉರಿಯುತ್ತಲೇ ಬಿಡಿ ಮಾವ, ಎಂದು ಹೇಳಬೇಕಾದವನು, ಭೂಮಿಯ ಮೇಲಿನ ಎಲ್ಲ ಅಳಿಯಂದಿರಲ್ಲಿ, ತಾನು. ಮುಂದಿನ ಮದುವೆಯ ಪಂಕ್ತಿ ಕಣ್ಣಿಗೆ ಕಟ್ಟಿತು. ಬಾಳೆಲೆಗಳು, ತಿರುಗಿದ ಮುಖಗಳು, ಪಾಯಸದ ಬಕೆಟು ಹಿಡಿದು ನಿಂತುಬಿಟ್ಟ ಬಡಿಸುವವರು, ನಡುವೆ ಮಾವನ ದನಿ: ಕೇಳಿ, ಇಷ್ಟು ವರ್ಷದ ಮೇಲೆ ಪುನಃ ಬಂದು ಹೇಳ್ತಾನೆ. ಭುಜ ತಾಗಿ ಬಾಗಿಲು ಕಿರುಗುಟ್ಟಿತು.

ಪೂವಪ್ಪ ತಲೆ ಎತ್ತಿದರು. ಸಂದಿಯಲ್ಲಿ ಒಂದು ಕಣ್ಣು, ಒಂದು ಸೀರೆ. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು, ಮಡಚಿ, ಚಪ್ಪಲಿ ಹಾಕಿಕೊಂಡು ಕುರ್ಲಾಕ್ಕೆ ಹೋದರು.

ಸಂಜೆ ಏಳಕ್ಕೆ ವಿಜೇತಾ ಬಂದಾಗ ಅವರೂ ಬಂದು ಕೂತಿದ್ದರು. ಚಾ ಚೆನ್ನಾಗಿರಲಿಲ್ಲ. ಅವಳು ಚೀಲ ಇಟ್ಟು ಗಂಡನ ಎದುರು ನಿಂತಳು.

“ಏಳುವುದಿಲ್ಲ,” ಎಂದ ಪ್ರಶಾಂತ.

“ಏಳುವುದಿಲ್ಲ ಅಂದ್ರೆ?”

“ಈ ಫೋನಿನಲ್ಲಿ ಆಗುವುದಿಲ್ಲ.”

“ಬೇರೆ ಫೋನು ತಗೊಳ್ಳುವಾ.”

“ಯಾವ ಫೋನಾದರೂ ಅಷ್ಟೆ. ದೋಷ ನಮ್ಮ ಆ್ಯಪಿನದ್ದೇ. ಕಂಪನಿಯವರು ಸರಿ ಮಾಡಬೇಕಾದರೆ ಮೂರು ತಿಂಗಳು ಬೇಕಂತೆ.” ದನಿ ಶಾಂತವಾಗಿತ್ತು. ಸುಳ್ಳು ಇಷ್ಟು ಸಲೀಸಾಗಿ ಹೊರಬಂದದ್ದು ನೋಡಿ ಅವನಿಗೇ ಆಶ್ಚರ್ಯ. ಮಧ್ಯಾಹ್ನವೇ ತಿಲಕನ ಟಿಕೆಟ್ಟಿನ ಮೇಲೆ, ಕಾರಣ ತಿಳಿದಿಲ್ಲ, ಎಂದು ಬರೆದು ಮುಚ್ಚಿಯೂ ಆಗಿತ್ತು.

ವಿಜೇತಾ ಬಾಗಿಲ ಚಿಲಕದ ಕಡೆ ನೋಡಿದಳು. “ಆಯ್ತು. ಹಾಗಾದ್ರೆ ನಾಳೆಯಿಂದ ಅಪ್ಪ ಮನೆಯಲ್ಲಿ,” ಎಂದಳು. ಅವನು ಗೋಡೆಯ ಕಡೆ ನೋಡುತ್ತ, ಕುರ್ಲಾದ ಆ ಟೇಬಲ್ಲು ಖಾಲಿಯಿರುವುದನ್ನು ಕಂಡ. ಚಾದ ಬಗ್ಗೆ ಯಾರೂ ಏನೂ ಹೇಳದ ಒಂದು ಸಂಜೆ. ಹೊರಗಿನಿಂದ ಹಾಕಿದ ಚಿಲಕದ ಈಚೆಗೆ ಮುದುಕರ ಜೊತೆ ತಾನೂ ಇರುತ್ತೇನೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

“ಅವ ಹೇಳುವುದು ಸರಿ,” ಎಂದರು ಪೂವಪ್ಪ. ಅಪ್ಪ ಮಗಳು ಇಬ್ಬರ ನಡುವೆ ಆ ಮಾತು ಮೊದಲ ಸಲ ಕೇಳಿಸಿದ್ದು. “ಆ ಸಾಮಾನು ಏಳುವುದಿಲ್ಲ. ನಾನೂ ನೋಡಿದ್ದೇನೆ. ಅವ ಪಾಪ ತುಂಬಾ ಹೊತ್ತು ನಿಂತು ನೋಡಿದ. ನಿಂತು ನಿಂತು ನೋಡಿದ.”

ಪ್ರಶಾಂತನ ಕಿವಿ ಬಿಸಿಯಾಯಿತು.

“ಆದ್ರೆ ನಾನು ಒಬ್ಬನೇ ಹೋಗ್ಬಾರದು ಅಲ್ವಾ? ಒಬ್ಬನೇ ಬೇಡ. ಇವ ಬರಲಿ. ಹಿಂದಿನಿಂದ. ಹೇಗೂ ಮನೆಯಲ್ಲೇ ಬಿದ್ದಿರ್ತಾನಲ್ಲ.”

“ನನಗೆ ಆಫೀಸಿನ ಕೆಲಸ...”

“ಅದು ಫೋನಿನಲ್ಲಿ ಮಾಡುವುದಲ್ವಾ? ಫೋನು ಲೋಕಲಿನಲ್ಲಿ ನಡೆಯುವುದಿಲ್ಲವಾ?” ಪೂವಪ್ಪ ಮಗಳ ಕಡೆ ತಿರುಗಿದರು. “ಇಲ್ಲದಿದ್ರೆ ಇನ್ನೊಮ್ಮೆ ಕೂತು ಮಾತಾಡುವ. ಮೂರು ಗಂಟೆಗೆ ಎಂತ ಆಗ್ತದೆ, ಯಾರು ಎಲ್ಲಿರ್ತಾರೆ, ಎಲ್ಲ.”

“ಬರ್ತೇನೆ,” ಎಂದ ಪ್ರಶಾಂತ.

“ನೋಡಿದ್ರಾ,” ಎಂದಳು ವಿಜೇತಾ, ಯಾರಿಗೆಂದು ಗೊತ್ತಾಗಲಿಲ್ಲ. ಎಂಟು ದಿನದ ಮೇಲೆ ಅವಳ ಮುಖದ ಗಂಟು ಸಡಿಲವಾಗಿತ್ತು. ಇಷ್ಟು ಸುಲಭದ್ದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ಅವಳು ಅಕ್ಕಿ ತೊಳೆಯಲಿಕ್ಕೆ ಹೋದಳು.

ಶುಕ್ರವಾರ ನಾಲ್ಕಕ್ಕೆ ಮಾವ ಮುಂದೆ, ಪ್ರಶಾಂತ ಹತ್ತು ಹೆಜ್ಜೆ ಹಿಂದೆ. ಹತ್ತು ಹೆಜ್ಜೆ ಮಾವನ ಷರತ್ತು. ಪಕ್ಕದಲ್ಲಿ ನಡೆದರೆ ಜನ ತನ್ನನ್ನು ರೋಗಿಯೆಂದುಕೊಳ್ಳುತ್ತಾರೆ. “ಅಜ್ಜಾರ ಹಿಂದ ಹೊಂಟೀರೇನ್ರಿ? ಚಲೋ ಡ್ಯೂಟಿ ಸಿಕ್ತು ಬಿಡ್ರಿ,” ಎಂದ ಗೇಟಿನಲ್ಲಿ ಅಣವೀರಪ್ಪ, ಕೂತಲ್ಲಿಂದಲೇ. ಲೋಕಲ್ಲಿನಲ್ಲಿ ಮಾವನಿಗೆ ಸೀಟು ಸಿಕ್ಕಿತು, ಅವನು ಬಾಗಿಲ ಹತ್ತಿರ ನಿಂತು ಯಾರೋ ಹೈದರಾಬಾದಿನ ಗಿರಾಕಿಗೆ ಬ್ಯಾಟರಿಯ ಕಟ್ಟುಪಾಡು ತೆಗೆಯುವುದು ಹೇಗೆಂದು ವಿಕ್ರೋಲಿಯಿಂದ ವಿದ್ಯಾವಿಹಾರದವರೆಗೆ ಕೂಗಿ ಹೇಳಿದ. ಹೋಟೆಲಿನಲ್ಲಿ ಮಾವ ಬಾಗಿಲ ಪಕ್ಕದ ಟೇಬಲ್ಲಿಗೆ ಹೋದರು. ಅವನಿಗೆ ಕೈತೊಳೆಯುವ ಬೇಸಿನ್ನಿನ ಹತ್ತಿರದ ಟೇಬಲ್ಲನ್ನು ಗದ್ದದಿಂದ ತೋರಿಸಿದರು. ಚಾ ಬಂತು. ದೂಜ ಗಲ್ಲಾದಿಂದ ಕತ್ತು ಚಾಚಿ ಕಾದರು. ಮಾವ ಕುಡಿದು, ಇದಕ್ಕಿಂತ ಚಾಳಿನ ವಠಾರದ ಮೋರಿಯ ನೀರಿಗೆ ಬಣ್ಣ ಹೆಚ್ಚು ಎಂದರು. ಎರಡು ಟೇಬಲ್ಲಿನವರು ನಕ್ಕರು. ಪ್ರಶಾಂತನಿಗೆ ಚಾ ಚೆನ್ನಾಗಿಯೇ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಮೇಲ್ಸೇತುವೆಯ ಮೆಟ್ಟಿಲು. ಸಂಜೆಯ ಜನ ಇಳಿಯುತ್ತಿದ್ದರು, ಏರುತ್ತಿದ್ದರು. ಮಾವನ ಬಿಳಿ ಅಂಗಿ ಹತ್ತು ಮೆಟ್ಟಿಲು ಮೇಲೆ ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ, ಆಮೇಲೆ ಮತ್ತೆ ಕಂಡಿತು, ಆದರೆ ಜನರ ಕಾಲುಗಳ ನಡುವೆ. ಕೂತಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೂ ಅಲ್ಲದೆ ಮಡಿಲಲ್ಲೂ ಅಲ್ಲದೆ ನಡುವೆ ಎಲ್ಲೋ. ಮುಖ ಅವನ ಕಡೆಗೇ ತಿರುಗಿತ್ತು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಪ್ರಶಾಂತ ನೋಡಿದ. ಎಲ್ಲವೂ ಬಹಳ ಸ್ಪಷ್ಟವಾಗಿತ್ತು. ಅಂಗಿಯ ಮೇಲೆ ಬಿದ್ದ ಚಾದ ಒಂದು ಹನಿಯೂ ಕಾಣುತ್ತಿತ್ತು. ಹತ್ತು ಮೆಟ್ಟಿಲು ಏರಬೇಕು ಎಂಬುದು ಗೊತ್ತಿತ್ತು. ಕಾಲು ಏಳಲಿಲ್ಲ. ಬಲಗಾಲಿಗೆ ಹೇಳಿದ, ಎಡಗಾಲಿಗೆ ಹೇಳಿದ. ಯಾರೋ ಭುಜಕ್ಕೆ ಬಡಿದು ಬೈದು ಹೋದರು. ಹೋಗು, ಎಂದ ತನಗೆ ತಾನೇ. ಆ ಹೋಗು ಎಲ್ಲಿಯೋ ಒಳಗೆ ಹೊರಟು, ಮಂಡಿಯವರೆಗೂ ಬಾರದೆ, ದಾರಿಯಲ್ಲೇ ಯಾರದೋ ಕೈ ಅದನ್ನು ಆರಿಸಿದ ಹಾಗೆ ನಿಂತಿತು. ಕೆಳಗಿನ ಪ್ಲಾಟ್‌ಫಾರ್ಮಿಗೆ ಲೋಕಲ್ ಬಂತು. ಜನ ಇಳಿದರು, ಜನ ಹತ್ತಿದರು. ಲೋಕಲ್ ಹೋಯಿತು. ಅವನು ಕಂಬಿ ಹಿಡಿದು ಅಲ್ಲೇ ನಿಂತಿದ್ದ.

ಮೆಂತೆ ಸೊಪ್ಪಿನ ಚೀಲ ಹೊತ್ತ ಒಬ್ಬ ಹೆಂಗಸು ಮಾವನ ಮುಂದೆ ಬಗ್ಗಿದಳು. “ಕಾಯ್ ಝಾಲಂ ಆಜೋಬಾ?” ಏನಾಯ್ತು ಅಜ್ಜ ಎಂದು ಕೇಳಿ, ಚೀಲದಿಂದ ಬಾಟಲಿ ತೆಗೆದು ನೀರು ಕುಡಿಸಿದಳು. ಜೊತೆಗೆ ಯಾರಿದ್ದಾರೆ ಎಂದಿರಬೇಕು. ಮಾವನ ಕೈ ಮೆಲ್ಲಗೆ ಎದ್ದು, ಬೆರಳು ನೀಡಿ, ಅವನನ್ನು ತೋರಿಸಿತು.

“ತೋ ಬಘ್. ಮಾಝಾ ಜಾವಯಿ,” ಎಂದರು. ನೋಡು, ನನ್ನ ಅಳಿಯ. ದನಿ ಸಣ್ಣದಾಗಿದ್ದರೂ ಮೆಟ್ಟಿಲ ಮೇಲಿನ ಅರ್ಧ ಜನಕ್ಕೆ ಕೇಳಿಸಿತು. ಅವರೆಲ್ಲ ತಿರುಗಿ, ಬೆರಳಿನ ತುದಿಯಲ್ಲಿ ನಿಂತಿದ್ದ ಗಂಡಸನ್ನು ನೋಡಿದರು. ಹೆಂಗಸು ಹೆಚ್ಚು ಹೊತ್ತು ನೋಡಿದಳು. ಆಗ ಕಾಲು ಎದ್ದಿತು.

ಅವನು ಹತ್ತಿ ಬಂದು ಪಕ್ಕದಲ್ಲಿ ಕೂತಾಗ ಹೆಂಗಸು ಬಾಟಲಿಯನ್ನು ಅವನ ಕೈಗೆ ಕೊಡದೆ ಮಾವನ ಮಡಿಲಲ್ಲೇ ಇಟ್ಟು ಹೋದಳು. ಮಾವನ ಕೈ ಹಿಡಿದ. ತಣ್ಣಗಿತ್ತು, ಒದ್ದೆಯಾಗಿತ್ತು. ಕೈಪಟ್ಟಿಯ ಕೆಳಗೆ ನಾಡಿ ಒಮ್ಮೆ ಬಡಿದು, ಯೋಚಿಸಿ, ಇನ್ನೊಮ್ಮೆ ಬಡಿಯಿತು. ಈ ಸಲ ಅವನು ಕೈ ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಧೈರ್ಯ ಬರಲಿಲ್ಲ.

“ನಿನಗೆ ಕಾಣ್ತಾ ಇತ್ತು,” ಎಂದರು ಮಾವ.

ಅವನು ಮಾವನ ಮಡಿಲಿನ ಬಾಟಲಿಯ ಮುಚ್ಚಳ ಬಿಗಿ ಮಾಡಿದ.

“ನನಗೂ ಕಾಣ್ತಾ ಇತ್ತು. ಒಂದು ಲೋಕಲ್ ಬಂದು ಹೋಯ್ತು.”

“ಆಸ್ಪತ್ರೆಗೆ ಹೋಗುವಾ ಮಾವ.”

“ನಾಳೆ ಬೆಳಿಗ್ಗೆ. ನಿನ್ನ ಹೆಂಡತಿ ಕೆಲಸಕ್ಕೆ ಹೋದ ಮೇಲೆ.”

ಜೇಬಿನಲ್ಲಿ ಫೋನು ಬಡಿಯಿತು. ವಿಜೇತಾ. ಮಾವ ಅವನ ಮುಖವನ್ನೇ ನೋಡುತ್ತ, ತಲೆಯನ್ನು ಒಂದೇ ಒಂದು ಸಲ ಅಡ್ಡ ಆಡಿಸಿದರು.

“ಎಲ್ಲಿದ್ದೀರಿ? ಅಪ್ಪ ಹೇಗಿದ್ದಾರೆ?”

“ಬ್ರಿಜ್ಜಿನ ಮೇಲೆ. ಸರಿ ಇದ್ದಾರೆ.”

“ನೀವು ಹತ್ತಿರವೇ ಇದ್ದೀರಲ್ಲ?”

“ಇಲ್ಲೇ ಇದ್ದೇನೆ.”

“ಹಾಗೆ ಮೊದಲೇ ಮಾಡಬಹುದಿತ್ತು,” ಎಂದು ಅವಳು ಇಟ್ಟಳು. ಅವಳ ದನಿಯಲ್ಲಿ ಬಹಳ ವರ್ಷದಿಂದ ಕೇಳದ ಒಂದು ಮೆತ್ತನೆಯಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ಮಾವ ಕಂಬಿ ಹಿಡಿದು ಎದ್ದರು. ಅವನು ತೋಳು ಹಿಡಿಯಲು ಹೋದ. ಅವರು ತೋಳನ್ನು ಎಳೆದುಕೊಂಡರು.

“ಮುಂದೆ ನಡಿ.”

“ಹಿಡ್ಕೊಳ್ತೇನೆ ಮಾವ.”

“ಹಿಡಿಯುವುದು ಬೇಡ. ನೀನು ಹಿಂದೆ ಬರುವುದೂ ಬೇಡ ಇನ್ನು. ನನ್ನ ಕಣ್ಣಿನ ಮುಂದೆ ನಡಿ. ನಾಳೆಯೂ ಹಾಗೆಯೇ. ತಿರುಗಿ ನೋಡಬಾರದು.”

ಪ್ರಶಾಂತ ಮುಂದೆ ಹತ್ತಿದ. ಎದುರಿನಿಂದ ಇಳಿಯುವವರು ಅವನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಹಿಂದಿನಿಂದ ಚಪ್ಪಲಿಯ ಸದ್ದು ಒಂದು ಮೆಟ್ಟಿಲು, ಎರಡು ಮೆಟ್ಟಿಲು ಬಂತು, ನಿಂತಿತು. ಅವನೂ ನಿಂತ. ಬೆನ್ನಿನ ಮೇಲೆ ಆ ನೋಟ ಅಂಗೈಯಗಲಕ್ಕೆ ಬಿದ್ದಿರುವುದು ಗೊತ್ತಾಗುತ್ತಿತ್ತು. ಉಸಿರು ಕೇಳಿಸುತ್ತದೆಯೋ ಎಂದು ಕಿವಿಗೊಟ್ಟ. ಜನರ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಬಹಳ ಹೊತ್ತಿಗೆ ಚಪ್ಪಲಿ ಮತ್ತೆ ಸರಿದ ಸದ್ದಾಯಿತು, ಅವನು ಇನ್ನೊಂದು ಮೆಟ್ಟಿಲು ಏರಿದ.